ನಾಯಿಗೊಂದು ಸೂಜಿ, ಊರಿಗೊಂದು ಬೇಲಿ



ಬೀಜ, ಗೊಬ್ಬರ, ಕೀಟದ ಔಷಧಿ ಎಂದು ಸದಾ ಬೆಳೆಯ ಮಾತನ್ನೇ ಆಡುವ ನಾನು ಈ ದಿನ ನಾಯಿಯ ಮಾತನ್ನು ಎತ್ತಿಕೊಂಡಿದ್ದೇನೆ. ಕೃಷಿ ಇಲಾಖೆಯವನಿಗೆ ನಾಯಿಯ ಗೊಡವೆ ಯಾಕಪ್ಪಾ ಎಂದು ತಾವು ಕೇಳಬಹುದು. ಕೇಳತಕ್ಕ ಮಾತೇ. ಕಾರಣವನ್ನು ಮುಚ್ಚಿಡದೆ ಹೇಳಿಬಿಡುತ್ತೇನೆ.

ಕಂಪ್ಲಿ ಸೀಮೆಯ ಒಂದು ಊರು. ಕಬ್ಬು ಕಡಿಯುವ ಕಾಲ. ಬೆಳೆ ನೋಡಲೆಂದು ಹೋಗಿದ್ದ ನನ್ನನ್ನು ಹಿರಿಯ ರೈತರೊಬ್ಬರು ತಮ್ಮ ಕೊಟ್ಟಿಗೆಗೆ ಕರೆದರು. "ಸಾಹೇಬ್ರೆ, ಎಮ್ಮಿ ಎರಡು ದಿನದಿಂದ ಮೇವು ಮುಟ್ಟವಲ್ದು, ನೀರೂ ಕುಡಿಯವಲ್ದು. ಬಾಯಾಗ ಜೊಲ್ಲು ಸುರೀತೈತಿ. ಕಬ್ಬಿನ ತುಂಡು ಗಂಟಲಾಗ ಸಿಕ್ಕೈತೇನೋ, ಒಂದೀಟು ನೋಡ್ರಿ" ಎಂದರು. ನೋಡಿದೆ. ಬಾಯಿಂದ ಎಳೆ ಎಳೆಯಾಗಿ ಜೊಲ್ಲು ಇಳಿಯುತ್ತಿತ್ತು. ಎಮ್ಮೆ ಒಡಕು ದನಿಯಲ್ಲಿ ಅರಚುತ್ತಿತ್ತು. "ಹೌದು, ತುಂಡೇ ಸಿಕ್ಕಿರಬೇಕು" ಎಂದುಬಿಟ್ಟೆ. ನಾನು ದವಡೆ ಹಿಡಿದುಕೊಂಡೆ, ಅವರು ಗಂಟಲಿಗೆ ಕೈ ಹಾಕಿ ತಡಕಿದರು. ತುಂಡು ಸಿಗಲಿಲ್ಲ. ಅವರ ಮೊಣಕೈವರೆಗೆ ಜೊಲ್ಲು ಮೆತ್ತಿತು, ಹಲ್ಲು ತಾಗಿ ಬೆರಳು ತರಚಿ ರಕ್ತ ಬಂತು. ನನ್ನ ಕೈಗೂ ಜೊಲ್ಲು ಬಿತ್ತು, ಆ ಕೈಯಲ್ಲಿ ಬೆಳಿಗ್ಗೆ ಕಬ್ಬಿನ ಗರಿ ಕೊಯ್ದ ಗಾಯವಿತ್ತು.

ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಎಂಟು ವರ್ಷದ ಮೊಮ್ಮಗಳು, "ತಾತಾ, ಅವತ್ತು ಆ ನಾಯಿ ಇದರ ಮೂತಿಗೆ ಕಚ್ಚಿತ್ತಲ್ಲ" ಎಂದಳು.

ನಾಯಿ ಕಚ್ಚಿ ಒಂದೂವರೆ ತಿಂಗಳಾಗಿತ್ತು. ಗಾಯ ಒಣಗಿತ್ತು, ಮನೆಯವರು ಮರೆತಿದ್ದರು. ನಾವಿಬ್ಬರೂ ಹೊರಗೆ ಓಡಿ ಬಂದು ಸೋಪು ಹಚ್ಚಿ ಕೈ ತೊಳೆದುಕೊಂಡೆವು. ದನದ ಡಾಕ್ಟರು ಬಂದವರೇ ದೂರದಿಂದ ನೋಡಿ, ಯಾರೂ ಹತ್ತಿರ ಹೋಗಕೂಡದು ಎಂದರು. ಮೂರನೆಯ ದಿನ ಎಮ್ಮೆ ಸತ್ತಿತು. ಪರೀಕ್ಷೆಗೆಂದು ಬೆಂಗಳೂರಿಗೆ ಕಳುಹಿಸಿದ ಮಾದರಿಯಲ್ಲಿ ಹುಚ್ಚು ನಾಯಿ ರೋಗವೇ ಇತ್ತು. ಆ ರೈತರೂ ನಾನೂ ಅದೇ ದಿನ ಆಸ್ಪತ್ರೆಗೆ ಹೋಗಿ ಸೂಜಿ ಮಾಡಿಸಿಕೊಂಡೆವು. ಇಬ್ಬರೂ ಸುಖವಾಗಿದ್ದೇವೆ. ನಾನು ಓದಿದ ಡಿಪ್ಲೊಮಾ ಆ ದಿನ ನೆರವಿಗೆ ಬರಲಿಲ್ಲ. ಒಂದು ಮಗುವಿನ ನೆನಪು ನೆರವಿಗೆ ಬಂತು. ಆ ಮಗು ಶಾಲೆಗೆ ಹೋಗಿದ್ದರೆ ಏನಾಗುತ್ತಿತ್ತು ಎಂದು ನೆನೆದರೆ ಈಗಲೂ ಎದೆ ನಡುಗುತ್ತದೆ. ಆದುದರಿಂದಲೇ ಈ ಮಾತು.

ಮೊದಲು ಈ ರೋಗದ ಬಗೆ ತಿಳಿಯೋಣ. ನಾವು ಹುಚ್ಚು ನಾಯಿ ರೋಗವೆಂದು ಕರೆಯುವುದನ್ನೇ ಡಾಕ್ಟರುಗಳು ರೇಬೀಸ್ ಎನ್ನುತ್ತಾರೆ. ಕಣ್ಣಿಗೆ ಕಾಣದ ವೈರಾಣುವೊಂದು ಇದಕ್ಕೆ ಮೂಲ. ರೋಗ ಹಿಡಿದ ಪ್ರಾಣಿಯ ಜೊಲ್ಲಿನಲ್ಲಿ ಅದು ಇರುತ್ತದೆ. ಕಚ್ಚಿದಾಗ, ಪರಚಿದಾಗ, ಇಲ್ಲವೆ ಹಸಿ ಗಾಯವನ್ನು ನೆಕ್ಕಿದಾಗ ನಮ್ಮ ಮೈಯೊಳಗೆ ಸೇರುತ್ತದೆ. ಸೇರಿದ ಮೇಲೆ ರಕ್ತದಲ್ಲಿ ಹರಿದಾಡದೆ ನರದ ದಾರಿ ಹಿಡಿದು ಮೆಲ್ಲಗೆ ಮಿದುಳಿನತ್ತ ಸಾಗುತ್ತದೆ. ತೂಬಿನ ಬಗಲಿಗಿರುವ ಗದ್ದೆಗೆ ನೀರು ಬೇಗ ಮುಟ್ಟುತ್ತದೆ, ಕಾಲುವೆಯ ಕೊನೆಯ ಗದ್ದೆಗೆ ತಡವಾಗಿ ಮುಟ್ಟುತ್ತದೆ, ಅಲ್ಲವೇ? ಇದೂ ಹಾಗೆಯೇ. ಮುಖಕ್ಕೆ, ಕುತ್ತಿಗೆಗೆ ಕಚ್ಚಿದರೆ ಮಿದುಳು ಹತ್ತಿರ. ಕಾಲಿಗೆ ಕಚ್ಚಿದರೆ ದೂರ. ಸಾಮಾನ್ಯವಾಗಿ ರೋಗ ಕಾಣಿಸಿಕೊಳ್ಳಲು ಎರಡು ಮೂರು ತಿಂಗಳು ಹಿಡಿಯುವುದುಂಟು. ಒಂದು ವಾರದಲ್ಲೇ ಕಂಡದ್ದೂ ಉಂಟು, ವರ್ಷ ತಡೆದು ಕಂಡದ್ದೂ ಉಂಟು.

ಇಲ್ಲಿಯೇ ಮೋಸ ಇರುವುದು. ಗಾಯ ಒಣಗುತ್ತದೆ, ಮನುಷ್ಯ ಗಟ್ಟಿಯಾಗಿ ಓಡಾಡುತ್ತಿರುತ್ತಾನೆ, ಏನೂ ಆಗಲಿಲ್ಲವೆಂದು ಮನೆಯವರು ಮರೆಯುತ್ತಾರೆ. ಆಮೇಲೆ ಒಂದು ದಿನ ಕಚ್ಚಿದ ಜಾಗದಲ್ಲಿ ಜುಮುಗುಡುವುದು, ಜ್ವರ, ಗಾಳಿ ಬೀಸಿದರೆ ಬೆಚ್ಚುವುದು, ನೀರು ಕುಡಿಯಹೋದರೆ ಗಂಟಲು ಬಿಗಿದು ನೀರನ್ನು ಕಂಡರೇ ಹೆದರುವುದು ಮೊದಲಾಗುತ್ತದೆ. ಇಷ್ಟು ಕಂಡಿತೆಂದರೆ ಬದುಕಿಸುವ ಔಷಧಿ ಲೋಕದಲ್ಲಿ ಇಲ್ಲವೆಂದೇ ಹೇಳಬೇಕು. ಉಳಿದವರನ್ನು ಬೆರಳಲ್ಲಿ ಎಣಿಸಬಹುದು. ಆದರೆ ಕಚ್ಚಿದ ಕೂಡಲೇ ಸರಿಯಾದ ಚಿಕಿತ್ಸೆ ಆದರೆ ಈ ರೋಗವನ್ನು ಪೂರ್ತಿ ತಡೆಯಬಹುದು. ಬಂದ ಮೇಲೆ ಮದ್ದಿಲ್ಲ, ಬರುವ ಮೊದಲು ಮದ್ದುಂಟು. ಇಡೀ ವಿಷಯದ ತಿರುಳು ಇಷ್ಟೆ.

ಲೋಕದಲ್ಲಿ ವರ್ಷಕ್ಕೆ ಸುಮಾರು 59,000 ಜನ ಈ ರೋಗದಿಂದ ಸಾಯುತ್ತಾರೆಂದು ಅಂದಾಜು ಮಾಡಿದ್ದಾರೆ. ಸತ್ತವರಲ್ಲಿ ನೂರಕ್ಕೆ 40ರಷ್ಟು 15 ವರ್ಷದೊಳಗಿನ ಮಕ್ಕಳು. ಮನುಷ್ಯರಿಗೆ ಬರುವ ಈ ರೋಗದಲ್ಲಿ ನೂರಕ್ಕೆ 99ರಷ್ಟು ನಾಯಿಯಿಂದಲೇ ಬರುತ್ತದೆ. ನಮ್ಮ ರಾಜ್ಯದಲ್ಲಿ 2022ರ ಡಿಸೆಂಬರಿನಿಂದ, ಮನುಷ್ಯರಿಗೆ ಈ ರೋಗ ಬಂದರೆ ಆಸ್ಪತ್ರೆಯವರು ಸರ್ಕಾರಕ್ಕೆ ತಿಳಿಸಲೇಬೇಕೆಂದು ಆಜ್ಞೆಯಾಗಿದೆ.

ಈಗ ನಾಯಿಯ ಲಕ್ಷಣಕ್ಕೆ ಬರೋಣ. ಬೊಗಳುವ ನಾಯಿ ಕಚ್ಚುವುದಿಲ್ಲ ಎಂದು ಗಾದೆ ಉಂಟು. ಹುಚ್ಚು ಹಿಡಿದ ನಾಯಿಗೆ ಈ ಗಾದೆ ಸಲ್ಲದು. ಅದು ಬೊಗಳದೆಯೇ ಬಂದು ಕಚ್ಚಬಹುದು. ಮನೆಯವರ ಗುರುತು ಮರೆಯುತ್ತದೆ, ಕಲ್ಲು ಕಟ್ಟಿಗೆ ಕಡಿಯುತ್ತದೆ, ದನಿ ಒಡೆಯುತ್ತದೆ, ಗೊತ್ತು ಗುರಿಯಿಲ್ಲದೆ ದಾರಿ ಹಿಡಿದು ಓಡುತ್ತದೆ. ಇದು ಕೆರಳಿದ ಹುಚ್ಚು. ಇನ್ನೊಂದು ಮೂಕ ಹುಚ್ಚು. ಅದರಲ್ಲಿ ನಾಯಿ ಕತ್ತಲ ಮೂಲೆ ಸೇರುತ್ತದೆ, ಕೆಳದವಡೆ ಜೋತುಬೀಳುತ್ತದೆ, ಜೊಲ್ಲು ಸುರಿಯುತ್ತದೆ. ಗಂಟಲಲ್ಲಿ ಮೂಳೆ ಸಿಕ್ಕಿದೆಯೆಂದು ತಿಳಿದು ಕನಿಕರಪಟ್ಟು ಬಾಯಿಗೆ ಕೈ ಹಾಕುವವರು ಆಪತ್ತಿಗೆ ಸಿಕ್ಕುವುದು ಈ ಮೂಕ ಹುಚ್ಚಿನಲ್ಲಿಯೇ. ನೀರು ಚಿಮುಕಿಸಿ ನೋಡುವುದು, ನಾಯಿ ಹೆದರದಿದ್ದರೆ ಹುಚ್ಚಿಲ್ಲವೆಂದು ತೀರ್ಮಾನಿಸುವುದು, ಇದು ಶುದ್ಧ ತಪ್ಪು. ನೀರಿನ ಹೆದರಿಕೆ ಮನುಷ್ಯನಿಗೆ ಬರುವ ಲಕ್ಷಣ. ನಾಯಿ ಹುಚ್ಚು ಹಿಡಿದೂ ಕಾಲುವೆ ದಾಟಿ ಬರಬಹುದು.

ಕಚ್ಚಿದರೆ ಮಾಡಬೇಕಾದ್ದೇನು? ಮೂರು ಮಾತು ನೆನಪಿಡಿ.

ಮೊದಲನೆಯದು, ಸೋಪು ಮತ್ತು ನೀರು. ನಿಂತ ಜಾಗದಲ್ಲೇ, ನಲ್ಲಿಯೋ ಬೋರಿನ ಪೈಪೋ ಸಿಕ್ಕಿದ ಕಡೆ, ಹರಿಯುವ ನೀರು ಬಿಟ್ಟು ಸೋಪಿನ ನೊರೆ ಹಚ್ಚಿ ಹದಿನೈದು ನಿಮಿಷ ಗಾಯ ತೊಳೆಯಬೇಕು. ಹದಿನೈದು ನಿಮಿಷ ಎಂದರೆ ಅನ್ನಕ್ಕಿಟ್ಟ ಎಸರು ಕುದಿಯುವಷ್ಟು ಹೊತ್ತು. ಒಂದು ಚೊಂಬು ನೀರು ಸುರಿದು ಆಯಿತೆನ್ನಬಾರದು. ಈ ವೈರಾಣುವಿನ ಮೇಲೆ ಜಿಡ್ಡಿನ ಹೊದಿಕೆ ಇರುತ್ತದೆ. ಸೋಪು ಅದನ್ನು ಕರಗಿಸಿ ವೈರಾಣುವನ್ನು ಅಲ್ಲೇ ಕೊಲ್ಲುತ್ತದೆ. ಖಾರದ ಪುಡಿ, ಅರಿಶಿನ, ಸುಣ್ಣ, ಎಕ್ಕದ ಹಾಲು ಯಾವುದನ್ನೂ ಹಚ್ಚಕೂಡದು. ಅವು ಗಾಯವನ್ನು ಕೆರಳಿಸುತ್ತವೆಯೇ ಹೊರತು ಕಾಯುವುದಿಲ್ಲ. ಕಬ್ಬಿಣ ಕಾಸಿ ಸುಡಬಾರದು. ಬಿಗಿಯಾಗಿ ಬಟ್ಟೆ ಸುತ್ತಬಾರದು.

ಎರಡನೆಯದು, ಅದೇ ದಿನ ಆಸ್ಪತ್ರೆ. ನಾಳೆ ಸಂತೆಗೆ ಹೋದಾಗ ತೋರಿಸೋಣ, ನಾಟಿ ಮದ್ದು ಕುಡಿಸಿ ನೋಡೋಣ, ನಾಯಿ ಸತ್ತರೆ ಹೋಗೋಣ ಎನ್ನಬಾರದು. ಸರ್ಕಾರಿ ಆಸ್ಪತ್ರೆಯಲ್ಲಿ ಈ ಸೂಜಿಗೆ ಹಣವಿಲ್ಲ. ಹಿಂದೆ ಹೊಕ್ಕುಳ ಸುತ್ತ ಹದಿನಾಲ್ಕು ಸೂಜಿ ಹಾಕುತ್ತಿದ್ದರೆಂದು ಹಿರಿಯರು ಹೇಳುತ್ತಾರೆ. ಅದು ನಿಜವೇ. ಕುರಿಯ ಮಿದುಳಿನಿಂದ ಮಾಡಿದ ಹಳೆಯ ಲಸಿಕೆ ಅದು, 1911ರಲ್ಲಿ ಹಿಮಾಚಲದ ಕಸೌಲಿಯಲ್ಲಿ ಡೇವಿಡ್ ಸೆಂಪಲ್ ಎಂಬ ಡಾಕ್ಟರು ಸಿದ್ಧಪಡಿಸಿದ್ದು. ಅದನ್ನು ನಮ್ಮ ದೇಶದಲ್ಲಿ 2005ರ ಹೊತ್ತಿಗೆ ನಿಲ್ಲಿಸಿಯಾಯಿತು. ಈಗ ಹೊಟ್ಟೆಯ ಮಾತೇ ಇಲ್ಲ, ತೋಳಿಗೆ ಹಾಕುತ್ತಾರೆ. ಮೊದಲ ಸೂಜಿಯ ದಿನವನ್ನು ಸೊನ್ನೆಯೆಂದು ಎಣಿಸಿದರೆ, ಆಮೇಲೆ 3ನೆಯ, 7ನೆಯ, 28ನೆಯ ದಿನ. ಚರ್ಮದೊಳಗೆ ಹಾಕುವ ಕ್ರಮ ಇದು. ಮಾಂಸಖಂಡಕ್ಕೆ ಹಾಕುವ ಕಡೆ 14ನೆಯ ದಿನವೂ ಸೇರಿ ಐದು. ಚೀಟಿಯಲ್ಲಿ ಬರೆದ ತಾರೀಖು ತಪ್ಪಿಸಬಾರದು. ಎರಡು ಸೂಜಿಗೆ ನಿಲ್ಲಿಸಿದರೆ ಅರ್ಧ ಏರಿ ಕಟ್ಟಿ ನೀರು ಬಿಟ್ಟಂತೆ.

ಮೂರನೆಯದು, ರಕ್ತ ಬಂದ ಗಾಯಕ್ಕೆ ಇನ್ನೊಂದು ಮದ್ದು ಉಂಟು ಎಂಬುದು. ಲಸಿಕೆ ಮೈಯಲ್ಲಿ ಶಕ್ತಿ ಹುಟ್ಟಿಸಲು ಒಂದು ವಾರ ಹತ್ತು ದಿನ ಬೇಕು. ಅಷ್ಟರವರೆಗೆ ಕಾವಲು ಯಾರು? ಅದಕ್ಕಾಗಿ ಇಮ್ಯುನೋಗ್ಲಾಬ್ಯುಲಿನ್ ಎಂಬ ಸಿದ್ಧ ಮದ್ದನ್ನು ಗಾಯದ ಒಳಗೂ ಸುತ್ತಲೂ ಹಾಕುತ್ತಾರೆ. ಚರ್ಮ ಹರಿದು ರಕ್ತ ಬಂದಿದ್ದರೆ ಅದನ್ನು ಡಾಕ್ಟರ ಹತ್ತಿರ ಕೇಳಿ ಹಾಕಿಸಿಕೊಳ್ಳಬೇಕು. ಚಿಕ್ಕ ಆಸ್ಪತ್ರೆಯಲ್ಲಿ ಅದು ಇಲ್ಲದಿದ್ದರೆ ಮೊದಲ ಸೂಜಿಯನ್ನು ಅಲ್ಲೇ ಹಾಕಿಸಿಕೊಂಡು, ಹೊಸಪೇಟೆಯ ಇಲ್ಲವೆ ಬಳ್ಳಾರಿಯ ದೊಡ್ಡ ಆಸ್ಪತ್ರೆಗೆ ಹೋಗಬೇಕು. ಮೊದಲ ಸೂಜಿಯಾದ ಏಳು ದಿನದೊಳಗೆ ಅದು ಆಗಬೇಕು, ಬೇಗ ಆದಷ್ಟೂ ಒಳ್ಳೆಯದು.

ಕಚ್ಚಿದ್ದು ಮನೆಯ ನಾಯಿಯೇ ಆದರೆ ಅದನ್ನು ಕೊಲ್ಲಬೇಡಿ. ಕಟ್ಟಿಹಾಕಿ ಹತ್ತು ದಿನ ನೋಡಿ. ಹತ್ತು ದಿನವಾದರೂ ನಾಯಿ ಗಟ್ಟಿಯಾಗಿದ್ದರೆ, ಕಚ್ಚಿದ ಹೊತ್ತಿನಲ್ಲಿ ಅದರ ಜೊಲ್ಲಿನಲ್ಲಿ ರೋಗವಿರಲಿಲ್ಲವೆಂದು ಅರ್ಥ. ಆಗ ಉಳಿದ ಸೂಜಿ ಬೇಕೋ ಬೇಡವೋ ಎಂಬುದನ್ನು ಡಾಕ್ಟರು ಹೇಳುತ್ತಾರೆ. ಆದರೆ ಹತ್ತು ದಿನ ನೋಡಿ ಆಮೇಲೆ ಸೂಜಿ ಶುರುಮಾಡೋಣ ಎಂಬ ಲೆಕ್ಕ ಬೇಡ. ಸೂಜಿ ಮೊದಲು, ನೋಡುವುದು ಜೊತೆಜೊತೆಗೆ.

ಮಕ್ಕಳ ವಿಷಯ ಒಂದು ಮಾತು. ನಾಯಿ ಕಚ್ಚಿದ್ದನ್ನು ಮಕ್ಕಳು ಬೈಗುಳಕ್ಕೆ ಹೆದರಿ ಮುಚ್ಚಿಡುತ್ತಾರೆ. ಮರಿ ಪರಚಿದ್ದು, ಗೀರಿದ್ದು ಅವರಿಗೆ ಲೆಕ್ಕಕ್ಕೇ ಇಲ್ಲ. "ನಾಯಿ ಕಚ್ಚಿದರೆ ಹೇಳು, ಯಾರೂ ಬೈಯೋದಿಲ್ಲ" ಎಂದು ಈ ರಾತ್ರಿಯೇ ಉಣ್ಣುವಾಗ ಮಕ್ಕಳಿಗೆ ಹೇಳಿಡಿ. ಮೊದಲ ಸಲ ಈ ರೋಗದ ಲಸಿಕೆ ಹಾಕಿಸಿಕೊಂಡವನೂ ಒಬ್ಬ ಹುಡುಗನೇ. 1885ರ ಜುಲೈ 6ರಂದು ಫ್ರಾನ್ಸಿನ ಲೂಯಿ ಪಾಶ್ಚರ್ ಎಂಬ ವಿಜ್ಞಾನಿ ಜೋಸೆಫ್ ಮೈಸ್ಟರ್ ಎಂಬ ಒಂಬತ್ತು ವರ್ಷದ ಹುಡುಗನಿಗೆ ಲಸಿಕೆ ಹಾಕಿಸಲು ಆರಂಭಿಸಿದರು. ತಾಯಿ ತಡಮಾಡದೆ ದೂರದೂರಿನಿಂದ ಕರೆತಂದದ್ದರಿಂದ ಹುಡುಗ ಬದುಕಿದ.

ಇನ್ನು ದನಕರುಗಳಿಗೆ ಬರೋಣ. ಎತ್ತು, ಆಕಳು, ಎಮ್ಮೆ, ಕುರಿ, ಮೇಕೆ ಎಲ್ಲಕ್ಕೂ ಈ ರೋಗ ಬರುತ್ತದೆ. ರಾಸುವಿಗೆ ನಾಯಿ ಕಚ್ಚಿದ್ದು ಕಂಡ ಕೂಡಲೇ, ಕೈಗೆ ರಬ್ಬರಿನ ಚೀಲವನ್ನೋ ದಪ್ಪ ಪ್ಲಾಸ್ಟಿಕ್ ಚೀಲವನ್ನೋ ಹಾಕಿಕೊಂಡು ಸೋಪು ನೀರಿನಿಂದ ಗಾಯ ತೊಳೆಯಿರಿ. ಅದೇ ದಿನ ಪಶು ಆಸ್ಪತ್ರೆಗೆ ತಿಳಿಸಿರಿ. ರಾಸುವಿಗೂ ಸೂಜಿ ಉಂಟು: ಮೊದಲ ದಿನ, ಆಮೇಲೆ 3, 7, 14, 28ನೆಯ ದಿನ. ಕಚ್ಚಿದ ದಿನವನ್ನು ಗೋಡೆಯ ಕ್ಯಾಲೆಂಡರಿನಲ್ಲಿ ಬರೆದಿಡಿ. ಆ ಕಂಪ್ಲಿ ಸೀಮೆಯ ಮನೆಯಲ್ಲಿ ಒಂದು ಗೀಟು ಬರೆದಿಟ್ಟಿದ್ದರೂ ಸಾಕಾಗಿತ್ತು.

ರಾಸು ಮೇವು ಬಿಟ್ಟು, ಜೊಲ್ಲು ಸುರಿಸುತ್ತ, ಒಡಕು ದನಿಯಲ್ಲಿ ಅರಚುತ್ತಿದ್ದರೆ, ಹಾಯಲು ಬರುತ್ತಿದ್ದರೆ, ಹಿಂಗಾಲು ಸೋತು ಬೀಳುತ್ತಿದ್ದರೆ, ಗಂಟಲಿಗೆ ಕೈ ಹಾಕಲೇಬಾರದು. ನಿಜವಾಗಿ ಮೇವೇ ಸಿಕ್ಕಿಕೊಂಡಿರಬಹುದು. ಅದನ್ನು ದನದ ಡಾಕ್ಟರು ನೋಡಿ ಹೇಳಲಿ. ಬಾಯಿಂದ ಗೊಟ್ಟ ಕೊಟ್ಟು ಔಷಧಿ ಕುಡಿಸುವುದೂ ಬೇಡ.

ಹಾಲಿನ ವಿಷಯದಲ್ಲಿ ಬಹಳ ಗಾಬರಿ ಉಂಟು. ಎಮ್ಮೆ ಸತ್ತಿತೆಂದರೆ ಡೇರಿಗೆ ಹಾಲು ಹಾಕಿದ ಊರೆಲ್ಲ ಆಸ್ಪತ್ರೆಯ ಮುಂದೆ ಸಾಲು ನಿಲ್ಲುತ್ತದೆ. ಕಾಸಿದ ಹಾಲಿನಲ್ಲಿ ಈ ವೈರಾಣು ಉಳಿಯುವುದಿಲ್ಲ, ಹಾಗೆ ಹೆದರಬೇಕಾಗಿಲ್ಲ. ಆದರೂ ಲಕ್ಷಣ ಕಂಡ ರಾಸಿನ ಹಾಲನ್ನು ಕರೆಯಬಾರದು, ಕುಡಿಯಬಾರದು, ಮಾರಬಾರದು. ಆಸ್ಪತ್ರೆಗೆ ಓಡಬೇಕಾದವರು ಜೊಲ್ಲು ಮುಟ್ಟಿದವರು, ಬಾಯಿಗೆ ಕೈ ಹಾಕಿದವರು. ಸತ್ತ ರಾಸಿನ ಚರ್ಮ ಸುಲಿಯದೆ, ಮಾಂಸಕ್ಕೆ ಆಸೆಪಡದೆ, ಕಾಲುವೆಗೆ ತಳ್ಳದೆ, ಆಳದ ಗುಂಡಿಯಲ್ಲಿ ಸುಣ್ಣ ಹಾಕಿ ಹೂಳಬೇಕು.

ಇಷ್ಟು ಹೇಳಿದ್ದೆಲ್ಲ ಕಚ್ಚಿದ ಮೇಲಿನ ಮಾತು. ಬೆಂಕಿ ಬಿದ್ದಾಗ ಬಾವಿ ತೋಡಿದ ಹಾಗೆ ಪ್ರತಿ ಸಲವೂ ಆಸ್ಪತ್ರೆಗೆ ಓಡುವುದೇ ನಮ್ಮ ಪಾಡೇ? ಅಲ್ಲ. ಬೇಲಿ ಹಾಕುವ ಜಾಗ ಬೇರೆ ಇದೆ. ಅದು ನಾಯಿಯ ಮೈಮೇಲೆ.

ಕಚ್ಚಿಸಿಕೊಂಡ ಒಬ್ಬರಿಗೆ ನಾಲ್ಕು ಸಲ ಸೂಜಿ ಹಾಕಿದರೆ ಆ ಒಬ್ಬರು ಉಳಿಯುತ್ತಾರೆ. ರೋಗ ನಾಯಿಯಿಂದ ನಾಯಿಗೆ ಹಬ್ಬುತ್ತಲೇ ಇರುತ್ತದೆ, ನಾಳೆ ಇನ್ನೊಬ್ಬರಿಗೆ ಕಚ್ಚುತ್ತದೆ. ಊರಿನ ನೂರು ನಾಯಿಗಳಲ್ಲಿ 70ಕ್ಕೆ ಲಸಿಕೆ ಬಿದ್ದರೆ, ಹುಚ್ಚು ಹಿಡಿದ ನಾಯಿ ಕಚ್ಚಹೋದಾಗ ಅದಕ್ಕೆ ಸಿಕ್ಕುವುದು ಹೆಚ್ಚಾಗಿ ಲಸಿಕೆಯಾದ ನಾಯಿಯೇ. ರೋಗಕ್ಕೆ ಮುಂದೆ ಹೋಗಲು ದಾರಿ ಸಿಗದೆ ಅಲ್ಲಿಗೇ ನಿಲ್ಲುತ್ತದೆ. ನೂರಕ್ಕೆ ನೂರೂ ಬೇಕಿಲ್ಲ, 70 ಸಾಕು. 60 ನಾಯಿಯಿರುವ ಊರಿನಲ್ಲಿ 42. ಇದು ಆಗದ ಕೆಲಸವೇ?

ಹುಚ್ಚು ನಾಯಿಯ ಹೆದರಿಕೆಗೆ ಕಂಡ ಕಂಡ ನಾಯಿಗಳನ್ನೆಲ್ಲ ಹೊಡೆದು ಹಾಕುವುದು ಕೆಲವರ ಉಪಾಯ. ಕಾನೂನು ಅದನ್ನು ಒಪ್ಪುವುದಿಲ್ಲ ಎಂಬುದು ಒಂದು ಮಾತು. ಅದರಿಂದ ಪ್ರಯೋಜನವೂ ಇಲ್ಲ ಎಂಬುದು ಇನ್ನೊಂದು ಮಾತು. ನಿಮ್ಮ ಓಣಿಯ ನಾಯಿ ಸತ್ತರೆ ಎಂಜಲಿನ ಆಸೆಗೆ ಪಕ್ಕದೂರಿನದು ಬಂದು ಸೇರುತ್ತದೆ. ಅದಕ್ಕೆ ಲಸಿಕೆ ಆಗಿದೆಯೋ ಇಲ್ಲವೋ ಬಲ್ಲವರಾರು? ಲಸಿಕೆಯಾದ ಹಳೆಯ ನಾಯಿ ಓಣಿಯಲ್ಲಿದ್ದರೆ ಅದೇ ಕಾವಲು. ಸಂತಾನಹರಣ ಚಿಕಿತ್ಸೆ ಮಾಡಿಸಿದರೆ ಮರಿಗಳ ಸಂಖ್ಯೆಯೂ ಹತೋಟಿಗೆ ಬರುತ್ತದೆ. ಪಂಚಾಯಿತಿ ಪುರಸಭೆಗಳು ಮಾಡತಕ್ಕ ಕೆಲಸ ಅದು, ನೀವು ಕೇಳಿ ಮಾಡಿಸಬೇಕು.

ನಮ್ಮ ನೆರೆಯ ಗೋವಾದಲ್ಲಿ ಹೀಗೆಯೇ ಮಾಡಿದರು. ವರ್ಷ ವರ್ಷವೂ ಮನೆ ಮನೆಗೆ, ಓಣಿ ಓಣಿಗೆ ಹೋಗಿ ನಾಯಿಗಳಿಗೆ ಲಸಿಕೆ ಹಾಕಿದರು, ಶಾಲೆಯ ಮಕ್ಕಳಿಗೆ ತಿಳಿವಳಿಕೆ ಕೊಟ್ಟರು. 2017ರ ನಂತರ ಹಲವು ವರ್ಷ ಅಲ್ಲಿ ನಾಯಿ ಕಚ್ಚಿ ಈ ರೋಗದಿಂದ ಒಬ್ಬರೂ ಸಾಯಲಿಲ್ಲ. ದನಗಳ ದೊಡ್ಡ ರೋಗವನ್ನು ಹಿರಿಯರು ಕೇಳಿರಬಹುದು. ಅದು ಬಂತೆಂದರೆ ಹಟ್ಟಿಗೆ ಹಟ್ಟಿಯೇ ಬರಿದಾಗುತ್ತಿತ್ತು. 1954ರಿಂದ ನಮ್ಮ ದೇಶದಲ್ಲಿ ಊರೂರಿಗೆ ಹೋಗಿ ಸೂಜಿ ಹಾಕುವ ಯೋಜನೆ ನಡೆಯಿತು. 2011ರಲ್ಲಿ ಆ ರೋಗ ಲೋಕದಿಂದಲೇ ಹೋಯಿತೆಂದು ಸಾರಿದರು. ಅಂದು ದನಕ್ಕೆ ಮಾಡಿದ್ದನ್ನು ಇಂದು ನಾಯಿಗೆ ಮಾಡಬೇಕಾಗಿದೆ. 2030ರೊಳಗೆ ನಾಯಿಯಿಂದ ಬರುವ ಈ ರೋಗವನ್ನು ತೊಡೆಯಬೇಕೆಂದು 2021ರಲ್ಲಿ ಕೇಂದ್ರ ಸರ್ಕಾರ ರಾಷ್ಟ್ರೀಯ ಯೋಜನೆ ಹಾಕಿಕೊಂಡಿದೆ.

ಇನ್ನು ನಮ್ಮ ಸೀಮೆಯ ಕಷ್ಟಗಳು. ಸಂಡೂರಿನ ಗುಡ್ಡದ ತಾಂಡಾಗಳಿಗೂ ಗಣಿಯ ಬದಿಯ ಊರುಗಳಿಗೂ ದನದ ದವಾಖಾನೆ ದೂರ. ಒಬ್ಬರೇ ಡಾಕ್ಟರು ಹಲವು ಊರು ನೋಡಬೇಕು. ಅಲ್ಲಿ ನಾಯಿಗಳನ್ನು ಒಂದೊಂದಾಗಿ ಹೊತ್ತು ಒಯ್ಯುವುದು ಆಗದ ಮಾತು. ಇಪ್ಪತ್ತು ಮೂವತ್ತು ನಾಯಿಗಳ ಪಟ್ಟಿ ಮಾಡಿ ಪಂಚಾಯಿತಿಯ ಮೂಲಕ ಅರ್ಜಿ ಕೊಟ್ಟು, ಡಾಕ್ಟರನ್ನೇ ಊರಿಗೆ ಕರೆಸಬೇಕು. ರಾಸುಗಳಿಗೆ ಜೀವದ ಆಪತ್ತು ಬಂದಾಗ 1962 ಎಂಬ ನಂಬರಿಗೆ ಫೋನು ಮಾಡಿದರೆ ಪಶು ಚಿಕಿತ್ಸೆಯ ವಾಹನಕ್ಕೆ ಹೇಳಿ ಕಳುಹಿಸಬಹುದು.

ಕುರಿಗಾರ ಬಂಧುಗಳದು ಇನ್ನೊಂದು ಕಷ್ಟ. ಹಿಂಡಿನ ಜೊತೆ ನಾಯಿಯೂ ಅಲೆಯುತ್ತದೆ. ಊರಿನಲ್ಲಿ ಲಸಿಕೆಯ ದಿನ ಬಂದಾಗ ಅದು ಯಾವ ಅಡವಿಯಲ್ಲೋ ಇರುತ್ತದೆ. ತೋಳದ, ನರಿಯ ಎದುರು ಮೊದಲು ನಿಲ್ಲುವುದೂ ಅದೇ. ಹಿಂಡು ಹೊರಡುವ ಮೊದಲು, ಕುರಿಗಳಿಗೆ ಕರುಳು ಬೇನೆಯ ಸೂಜಿ ಹಾಕಿಸುವ ದಿನವೇ ನಾಯಿಗೂ ಹಾಕಿಸಿಬಿಡಿ. ಒಂದು ನಡಿಗೆಯಲ್ಲಿ ಎರಡು ಕೆಲಸ.

ಹಂಪಿ, ಕಮಲಾಪುರದ ಕಡೆ ಯಾತ್ರಿಕರು ಹಾಕುವ ತಿಂಡಿಗೆ ನಾಯಿಗಳೂ ಮಂಗಗಳೂ ಸೇರುತ್ತವೆ. ಮಂಗ ಕಚ್ಚಿದರೂ ಪರಚಿದರೂ ಇದೇ ಚಿಕಿತ್ಸೆ. ದೇವರ ಕೋತಿಯೆಂದು ಉದಾಸೀನ ಬೇಡ. ದರೋಜಿಯ ಕಡೆ ಕರಡಿಯ ಕೈಗೆ ಸಿಕ್ಕಿ ಗಾಯಗೊಂಡವರೂ ಈ ಸೂಜಿಯನ್ನು ಕೇಳಿ ಹಾಕಿಸಿಕೊಳ್ಳಬೇಕು. ಅಂಗಡಿ ಹೋಟೆಲಿನವರು ಎಂಜಲನ್ನು ಬೀದಿಗೆ ಚೆಲ್ಲದೆ ಮುಚ್ಚಿದ ತೊಟ್ಟಿಗೆ ಹಾಕಿದರೆ ಅದೂ ಒಂದು ಉಪಕಾರ.

2021ರಲ್ಲಿ ವಿಜಯನಗರ ಜಿಲ್ಲೆ ಬೇರೆಯಾಗಿ ಹೊಸಪೇಟೆ ಅದರ ಕೇಂದ್ರವಾಯಿತು. ಸಂಡೂರು, ಕಂಪ್ಲಿ ಬಳ್ಳಾರಿ ಜಿಲ್ಲೆಯಲ್ಲೇ ಉಳಿದವು. ಹೊಳೆಯಾಚೆಯ ಆನೆಗೊಂದಿ ಕೊಪ್ಪಳಕ್ಕೆ ಸೇರಿದ್ದು. ನಾಯಿಗೆ ಈ ಗಡಿ ಯಾವುದೂ ತಿಳಿಯದು. ಆದುದರಿಂದ ಒಂದು ಊರಿನಲ್ಲಿ ಲಸಿಕೆಯ ದಿನ ಗೊತ್ತಾದರೆ ಪಕ್ಕದೂರಿನವರಿಗೂ ಹೇಳಿ ಕಳುಹಿಸಿ, ಅದೇ ವಾರದಲ್ಲಿ ಅಲ್ಲಿಯೂ ಆಗುವಂತೆ ನೋಡಿಕೊಳ್ಳಿ.

ಲಸಿಕೆಯ ದಿನ ಸಿದ್ಧತೆ ಹೇಗೆ? ಒಂದು ವಾರ ಮುಂಚೆ ಡಂಗುರ ಹಾಕಿಸಿ. ಶಾಲೆಯ ದೊಡ್ಡ ಹುಡುಗರು ಓಣಿಯ ನಾಯಿಗಳನ್ನು ದೂರದಿಂದ ಎಣಿಸಿ ಬರೆದುಕೊಳ್ಳಲಿ: ಕರಿಯ, ಕೆಂಚ, ಬಾಲಮುರುಕ. ಮುದ್ದೆಯನ್ನೋ ರೊಟ್ಟಿಯನ್ನೋ ದಿನಾ ಹಾಕುವವರೇ ನಾಯಿಯನ್ನು ಹಿಡಿದುಕೊಳ್ಳಬೇಕು. ನಾಯಿ ನಂಬುವುದು ಉಣಿಸಿದ ಕೈಯನ್ನು. ಬೆಳಿಗ್ಗೆ ತಂಪಿನಲ್ಲಿ, ಕುತ್ತಿಗೆಗೆ ಹಗ್ಗ ಹಾಕಿ, ಮೂತಿಗೆ ಬಟ್ಟೆಯ ಪಟ್ಟಿ ಕಟ್ಟಿ ಕರೆತನ್ನಿ. ಲಸಿಕೆಯಾದ ನಾಯಿಗೆ ಬಣ್ಣದ ಗುರುತು ಹಾಕಿದರೆ ಉಳಿದದ್ದು ಎಷ್ಟೆಂದು ಸಂಜೆಗೆ ಗೊತ್ತಾಗುತ್ತದೆ. ಯಾರ ಕೈಗೂ ಸಿಕ್ಕದ ಬೀದಿ ನಾಯಿಗಳನ್ನು ಬಲೆಯಲ್ಲಿ ಹಿಡಿಯುವುದು ಕಲಿತವರ ಕೆಲಸ. ಅದಕ್ಕೆ ನೀವು ಕೈ ಹಾಕಬೇಡಿ.

ಮರಿಗೆ ಮೂರು ತಿಂಗಳಾದಾಗ ಮೊದಲ ಸೂಜಿ, ತಿಂಗಳ ಮೇಲೆ ಇನ್ನೊಂದು, ಆಮೇಲೆ ವರ್ಷಕ್ಕೊಂದು. ಲಸಿಕೆಯ ಸೀಸೆ ಸದಾ ತಣ್ಣಗಿರಬೇಕು, 2ರಿಂದ 8 ಡಿಗ್ರಿ. ನಮ್ಮ ಬೇಸಿಗೆಯ ಬಿಸಿಲಿನಲ್ಲಿ ಅಂಗಡಿಯಿಂದ ಕೊಂಡು ಜೇಬಿನಲ್ಲಿಟ್ಟು ತಂದ ಲಸಿಕೆ ಕೆಟ್ಟು ನೀರಿಗೆ ಸಮನಾಗಿರುತ್ತದೆ. ಹಾಕಿಸಿದೆವೆಂಬ ಸಮಾಧಾನ ಉಳಿಯುತ್ತದೆ, ಬೇಲಿ ಮಾತ್ರ ಇರುವುದಿಲ್ಲ. ಐಸು ಪೆಟ್ಟಿಗೆಯಲ್ಲಿ ಪಶು ಆಸ್ಪತ್ರೆಯವರು ತಂದದ್ದನ್ನೇ ಹಾಕಿಸಿರಿ, ಹಾಕಿಸಿದ ಚೀಟಿ ಇಟ್ಟುಕೊಳ್ಳಿರಿ.

ಬಾಂಧವರೇ, ನಾಯಿಗೆ ಗೌರವ ಕೊಡುವುದು ನಮ್ಮ ನಾಡಿಗೆ ಹೊಸದಲ್ಲ. ಮಂಡ್ಯದ ಕಡೆ ಆತಕೂರಿನಲ್ಲಿ ಹತ್ತನೆಯ ಶತಮಾನದಲ್ಲಿ ಹಂದಿಯೊಡನೆ ಹೋರಾಡಿ ಸತ್ತ ಕಾಳಿ ಎಂಬ ನಾಯಿಗೆ ಕಲ್ಲು ನಿಲ್ಲಿಸಿ ಶಾಸನ ಬರೆಸಿದರು. ನಮ್ಮ ಜಿಲ್ಲೆಯ ಮೈಲಾರದಲ್ಲಿ ಗೊರವರು ತಾವೇ ಮೈಲಾರಲಿಂಗನ ನಾಯಿಗಳೆಂದು ಸೇವೆ ಮಾಡುತ್ತಾರೆ. ಹೊಲ ಕಾಯುವ, ಹಟ್ಟಿ ಕಾಯುವ ನಾಯಿ ನಮ್ಮಿಂದ ಕೇಳುವುದು ಒಂದು ತುತ್ತು ಅನ್ನ. ಅದರ ಜೊತೆಗೆ ವರ್ಷಕ್ಕೊಂದು ಸೂಜಿ ಕೊಡಿಸಿದರೆ ಅದು ನಮ್ಮ ಮಕ್ಕಳ ಜೀವವನ್ನೂ ಕಾಯುತ್ತದೆ.

ಇದನ್ನು ಓದಿದವರು ಓದಲು ಬಾರದ ನೆರೆಯವರಿಗೆ ಓದಿ ಹೇಳಿರಿ. ಪಾಶ್ಚರ್ ತೀರಿಕೊಂಡ ಸೆಪ್ಟೆಂಬರ್ 28ನ್ನು ಪ್ರತಿ ವರ್ಷ ವಿಶ್ವ ರೇಬೀಸ್ ದಿನವೆಂದು ಆಚರಿಸುತ್ತಾರೆ. ಆ ಸುಮಾರಿಗೆ ಪಶು ಆಸ್ಪತ್ರೆಗಳಲ್ಲಿ ನಾಯಿಗಳಿಗೆ ಲಸಿಕೆ ಹಾಕುವ ಏರ್ಪಾಡು ಇರುವುದುಂಟು. ಆದರೆ ಆ ದಿನಕ್ಕೆ ಕಾಯಬೇಡಿ. ನಾಳೆ ಬೆಳಿಗ್ಗೆ ಹಾಲು ಹಾಕಲು ಹೋದಾಗ ನಾಲ್ಕು ಜನ ಸೇರಿ, ನಮ್ಮೂರಿನಲ್ಲಿ ನಾಯಿಗಳೆಷ್ಟು, ಸೂಜಿಯಾದವೆಷ್ಟು ಎಂದು ಒಂದು ಲೆಕ್ಕ ಹಾಕಿ ನೋಡಿ. ಆ ಲೆಕ್ಕದ ಚೀಟಿ ದನದ ಡಾಕ್ಟರ ಕೈ ಸೇರಿದರೆ ಬೇಲಿಯ ಮೊದಲ ಗೂಟ ನೆಟ್ಟಂತೆ.